ಎರಡನೇ ಕತ್ತರಿ ಹಿಡಿದ ಮೇಷ್ಟ್ರು

ಇಪ್ಪತ್ತೆಂಟು ವರ್ಷ ಕಪ್ಪು ಹಲಗೆಯ ಮೇಲೆ ತ್ರಿಕೋನ ಬರೆದವನಿಗೆ ಮರದ ತ್ರಿಕೋನ ಯಾವ ಮಹಾ ಲೆಕ್ಕ ಎಂದು ಗಣಿತದ ಮೇಷ್ಟ್ರು ಆ ಭಾನುವಾರ ಸ್ಕೂಟರ್ ಶೆಡ್ಡಿಗೆ ತಾವೇ ಹೆಂಚಿನ ಮಾಡು ಕಟ್ಟಲು ಹೊರಟರು.

ಇಳಿಜಾರು ಮಾಡನ್ನು ಹೊರುವ ಮರದ ತ್ರಿಕೋನಕ್ಕೆ ಬಡಗಿಗಳು ಕತ್ತರಿ ಎನ್ನುತ್ತಾರೆ. ಅಂಥ ನಾಲ್ಕು ಕತ್ತರಿಗಳನ್ನು ಬಡಗಿ ಹಿಂದಿನ ದಿನವೇ ತಂದು ಅಂಗಳದಲ್ಲಿ ಇಳಿಸಿದ್ದ. "ನಾಳೆ ಬಂದು ನಿಲ್ಲಿಸ್ತೀನಿ. ಆ ಕಡೆ ಹಿಡಿಯೋಕೆ ಒಬ್ರು ಬೇಕು. ಮನೇಲಿ ಯಾರಿದ್ದಾರೆ?" ಎಂದು ಕೇಳಿದ್ದ.

ಮೇಷ್ಟ್ರಿಗೆ ಮದುವೆಯಾಗಿರಲಿಲ್ಲ. ಜೊತೆಗಿದ್ದ ಅಕ್ಕ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಯಾರೂ ಇಲ್ಲ ಎನ್ನಲು ಬಾಯಿ ಬರಲಿಲ್ಲ.

"ಯಾರೂ ಬೇಕಾಗಿಲ್ಲ. ನೀನೂ ಬರಬೇಡ. ತ್ರಿಕೋನದ ವಿಷಯ ನನಗೇ ಹೇಳ್ಕೊಡ್ತೀಯಾ?" ಎಂದುಬಿಟ್ಟಿದ್ದರು.

ಮೊದಲ ಕತ್ತರಿ ಮನೆಯ ಗೋಡೆಗೆ ಒರಗಿ, ಮೊಳೆ ಹೊಡೆಸಿಕೊಂಡು, ಗಂಭೀರವಾಗಿ ನಿಂತಿತು. ಎರಡನೆಯದನ್ನು ಶೆಡ್ಡಿನ ಗೋಡೆಗಳ ಮೇಲೆ ಹತ್ತಿಸಿ, ನಡುವೆ ಹಾಕಿದ ಹಲಗೆಯ ಮೇಲೆ ನಿಂತು ನೆಟ್ಟಗೆ ಎತ್ತುವಷ್ಟರಲ್ಲಿ ಅವರ ಬನಿಯನ್ ಹಿಂಡಿದ್ದರೆ ಒಂದು ಬಕೆಟ್ ತುಂಬುತ್ತಿತ್ತು. ಎತ್ತಿದ ಮೇಲೆ ಒಂದು ಸತ್ಯ ಗೊತ್ತಾಯಿತು. ತ್ರಿಕೋನ ತನ್ನ ಆಕಾರ ಕೆಡಿಸಿಕೊಳ್ಳುವುದಿಲ್ಲ, ನಿಜ. ಆದರೆ ಆಕಾರ ಸಮೇತ ಪಕ್ಕಕ್ಕೆ ಬೀಳುತ್ತದೆ! ಅದನ್ನು ಮೊದಲನೆಯದಕ್ಕೆ ಬಿಗಿಯುವ ಅಡ್ಡಪಟ್ಟಿ, ಸುತ್ತಿಗೆ, ಮೊಳೆ ಡಬ್ಬಿ ಎಲ್ಲವೂ ಕೆಳಗೆ ಸ್ಕೂಟರಿನ ಸೀಟಿನ ಮೇಲಿದ್ದವು. ಈಚೆ ಎಳೆದರೆ ಕತ್ತರಿ ತಮ್ಮ ಮೇಲೆ. ಆಚೆ ಬಿಟ್ಟರೆ ಬೀದಿಗೆ, ಯಾರ ತಲೆ ಸಿಕ್ಕರೆ ಅವರ ತಲೆಗೆ.

ಮೇಷ್ಟ್ರು ಹಿಡಿದುಕೊಂಡು ನಿಂತರು. ಕಿಸೆಯಲ್ಲಿ ಫೋನ್ ಇತ್ತು. ಕೈ ಖಾಲಿ ಇದ್ದಿದ್ದರೆ ಯಾರಿಗೆ ಮಾಡುತ್ತಿದ್ದೆ ಎಂದು ಯೋಚಿಸಿದರು. ಬೇಡವೆಂದು ಕಳಿಸಿದ ಬಡಗಿಯನ್ನು ಬಿಟ್ಟು ಮತ್ತೊಬ್ಬರು ಹೊಳೆಯಲಿಲ್ಲ.

ಅರ್ಧ ಗಂಟೆಯ ಮೇಲೆ ಶಾಲೆಯ ಗುಮಾಸ್ತ ಸೈಕಲ್ ಏರಿ ಬಂದ.

"ಏನ್ ಸಾರ್, ಕೆಲಸ ಜೋರಾ?"

"ಜೋರು."

"ಒಬ್ರೇನಾ?"

"ಒಬ್ನೇ. ಆರಾಮಾಗಿ ನಡೀತಿದೆ."

ಗುಮಾಸ್ತ ಮೆಚ್ಚಿ ತಲೆದೂಗಿ ಹೊರಟುಹೋದ. ಸೈಕಲ್ ತಿರುವಿನಲ್ಲಿ ಮರೆಯಾಗುವವರೆಗೂ ಮೇಷ್ಟ್ರು ತಮ್ಮ ನಾಲಗೆಗೆ ಶಾಪ ಹಾಕಿದರು.

ಎದುರು ಮನೆಯ ಕಿಟಕಿಯಲ್ಲಿ ದರ್ಜಿಯಮ್ಮನ ಹೊಲಿಗೆ ಯಂತ್ರ ಒಂದೇ ಸಮನೆ ಓಡುತ್ತಿತ್ತು. ಒಳಗಿನಿಂದ ಸೊಸೆಯ ನಗು, ಮೊಮ್ಮಗಳ ರಂಪ ಕೇಳುತ್ತಿದ್ದವು. ಕರೆಯಲೆಂದು ಮೇಷ್ಟ್ರು ಎರಡು ಸಲ ಬಾಯಿ ತೆರೆದು ಮುಚ್ಚಿದರು. ಕೊನೆಗೆ ಯಂತ್ರ ತಾನಾಗಿಯೇ ನಿಂತಿತು. ಕೊರಳಿಗೆ ಅಳತೆ ಟೇಪು ಹಾಕಿಕೊಂಡೇ ದರ್ಜಿಯಮ್ಮ ಬೀದಿ ದಾಟಿ ಬಂದರು.

"ಒಂದೂವರೆ ಗಂಟೆಯಿಂದ ನೋಡ್ತಿದ್ದೀನಿ. ಮೊದಲು ವ್ಯಾಯಾಮ ಅಂದ್ಕೊಂಡೆ. ಕರೆಯೋಕೆ ಏನಾಗಿತ್ತು ಮೇಷ್ಟ್ರೇ?"

"ನಿಮ್ಮ ಹೆಸರು ಗೊತ್ತಿರಲಿಲ್ಲ."

ಹನ್ನೊಂದು ವರ್ಷ ಎದುರುಬದುರು ಇದ್ದವರು.

"ಅಯ್ಯೋ ಅನ್ನೋಕೆ ಹೆಸರು ಯಾಕೆ ಬೇಕು? ಸರೀರಿ, ಕತ್ತರಿ ಹಿಡಿಯೋದು ನನಗೇನು ಹೊಸದಾ?" ಎಂದು ದರ್ಜಿಯಮ್ಮ ಏಣಿ ಹತ್ತಿ ಹಿಡಿದುಕೊಂಡರು.

ಮರಗಟ್ಟಿದ ಬೆರಳು ಬಿಡಿಸಿಕೊಳ್ಳಲು ಮೇಷ್ಟ್ರಿಗೆ ಒಂದು ನಿಮಿಷ ಹಿಡಿಯಿತು. ಇಳಿದು ಅಡ್ಡಪಟ್ಟಿ ತಂದು ಮೊಳೆ ಹೊಡೆಯತೊಡಗಿದರು. ದರ್ಜಿಯಮ್ಮ ಮಾತಾಡುತ್ತಲೇ ಇದ್ದರು. ಮೊಮ್ಮಗಳು ಗುಂಡಿ ಡಬ್ಬಿ ಚೆಲ್ಲಿದ್ದು, ಸೊಸೆಯ ನೆಗಡಿ, ಅಳತೆ ಕೊಟ್ಟ ಮೇಲೆ ದಪ್ಪಗಾಗುವ ಗಿರಾಕಿಗಳು. ಆ ಅಂಗಳ ಅಷ್ಟು ಮಾತು ಕೇಳಿ ವರ್ಷಗಳಾಗಿದ್ದವು. ಎರಡು ಮೊಳೆ ಸಾಕಾಗುವಲ್ಲಿ ಆರು ಬಿದ್ದವು. ಆರು ಹೋಗಿ ಒಂಬತ್ತಾಯಿತು. ಮೇಷ್ಟ್ರು ಹತ್ತನೆಯದಕ್ಕೆ ಡಬ್ಬಿಗೆ ಕೈ ಹಾಕಿದರು.

"ಮೇಷ್ಟ್ರೇ," ಎಂದರು ದರ್ಜಿಯಮ್ಮ, "ಟೀ ಕುಡೀತೀರಾ ಅಂತ ಕೇಳಬೇಕು ಅಂತಿದ್ರೆ ಕೇಳಿಬಿಡಿ. ನನ್ನ ಕೈ ಸೋಲ್ತಿದೆ."