ನಾನು ದ್ರಾಕ್ಷಿ ತೋಟದಲ್ಲಿ ಹಲ್ಲು ಕಡಿದದ್ದು

"ಈ ಶನಿವಾರ, ಭಾನುವಾರ ಸಾಕ್ಷಾತ್ ಬ್ರಹ್ಮನೇ ಬಂದು ನಾಲ್ಕೂ ಬಾಯಿ ತೆರ್ಕೊಂಡು ನಿಂತ್ರೂ ನಾನು ಒಂದರೊಳಗೂ ಇಣುಕಲ್ಲ!"

ಊಟದ ಮೇಜನ್ನು ಗುದ್ದಿ ನಾನು ಹೀಗೆ ಘೋಷಿಸಿದಾಗ ನನ್ನ ಹೆಂಡತಿ ಒಗೆದ ಬಟ್ಟೆ ಮಡಚುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ.

"ಬ್ರಹ್ಮ ಬರಲ್ಲ ಬಿಡಿ. ಹೋಟೆಲ್ ಮ್ಯಾನೇಜರ್ ಬರ್ತಾನೆ" ಎಂದಳು.

ನಾನು ಹಲ್ಲಿನ ಡಾಕ್ಟರು. ಇದು ವೃತ್ತಿಯಲ್ಲ ಸ್ವಾಮಿ, ಶಾಪ! ಪೊಲೀಸ್ ಎಂದು ಹೇಳಿಕೊಂಡರೆ ಜನ ಬಾಯಿ ಮುಚ್ಚುತ್ತಾರೆ. ಹಲ್ಲಿನ ಡಾಕ್ಟರು ಎಂದರೆ ಸಾಕು, ಆ ಕ್ಷಣವೇ ತೆರೆಯುತ್ತಾರೆ! ಹೋದ ವರ್ಷ ಸಮುದ್ರದ ದಡಕ್ಕೆ ಹೋಗಿದ್ದೆವು. ಹೆಂಡತಿ ಒಬ್ಬಳೇ ಸೂರ್ಯಾಸ್ತ ನೋಡಿದಳು. ನಾನು ಅದೇ ಸೂರ್ಯನ ಬೆಳಕಿನಲ್ಲಿ ಹೋಟೆಲ್ ಮ್ಯಾನೇಜರನ ದವಡೆ ಹಲ್ಲು ನೋಡಿದೆ. ನಾದಿನಿಯ ಮದುವೆಯ ಆಲ್ಬಮ್ಮಿನಲ್ಲಿ ನನ್ನದು ಒಂದೇ ಒಂದು ಫೋಟೋ ಇದೆ. ಅದರಲ್ಲಿ ನನ್ನ ಬೆರಳು ಮದುಮಗನ ಬಾಯಲ್ಲಿದೆ. ನೀವೇ ಹೇಳಿ, ಬಡಗಿಯೊಬ್ಬ ಮದುವೆಗೆ ಹೋದರೆ ಯಾರಾದರೂ ಮನೆಯ ಕಿಟಕಿ ಕಿತ್ತುಕೊಂಡು ಬಂದು "ಸ್ವಲ್ಪ ನೋಡಿ" ಎನ್ನುತ್ತಾರೆಯೇ?

ಅದಕ್ಕೇ ಈ ಸಲದ ಪ್ರವಾಸದ ಯೋಜನೆಯನ್ನು ನಾನೊಬ್ಬನೇ, ಯುದ್ಧದ ನಕ್ಷೆ ಹಾಕುವ ಸೇನಾಪತಿಯಂತೆ ಹಾಕಿದ್ದೆ. ಗುಡ್ಡಗಳ ನಡುವೆ ದ್ರಾಕ್ಷಿ ತೋಟ. ಮಧ್ಯಾಹ್ನ ವೈನ್ ರುಚಿ ನೋಡುವುದು. ಸಂಜೆ ಬಳ್ಳಿಗಳ ನಡುವೆ ಬಯಲಲ್ಲೇ ಊಟ. ಊಟದ ಜೊತೆಗೆ ಹಾಡುಗಾರಿಕೆ. ಹಾಡುವವರು ಯಾರು? ಕಾಲೇಜಿನ ದಿನಗಳಲ್ಲಿ ನನ್ನ ಹೆಂಡತಿ ಯಾರ ಫೋಟೋವನ್ನು ರಸಾಯನಶಾಸ್ತ್ರದ ಪುಸ್ತಕದಲ್ಲಿ ಬಚ್ಚಿಟ್ಟುಕೊಂಡಿದ್ದಳೋ ಅವರು!

ಹೆಸರು ಹೇಳಿದ ತಕ್ಷಣ ಅವಳ ತಲೆ ಮೇಲೆದ್ದಿತು. ಕೈಯಲ್ಲಿದ್ದ ನನ್ನ ಅಂಗಿ ಕೆಳಗೆ ಬಿತ್ತು.

"ಅವರಾ? ನಿಜವಾಗ್ಲೂ?" ಎಂದಳು. ಆಮೇಲೆ ತುಂಬಾ ಮೆಲ್ಲಗೆ, "ರೀ, ನನಗೆ ವೈನೂ ಬೇಡ, ಊಟವೂ ಬೇಡ. ಈ ಒಂದು ಕಾರ್ಯಕ್ರಮ ಮಾತ್ರ ಮೊದಲಿಂದ ಕೊನೇವರೆಗೂ ಪೂರ್ತಿ ಕೇಳಿಸಿಬಿಡಿ" ಎಂದಳು.

"ಕೇಳಿಸ್ತೀನಿ! ಯಾರು ಏನು ಕೆಲಸ ಅಂತ ವಿಚಾರಿಸಿದ್ರೂ ನಾನು ಟೈಲ್ಸ್ ವ್ಯಾಪಾರಿ. ನೀನೂ ಹಾಗೇ ಹೇಳ್ತೀನಿ ಅಂತ ಆಣೆ ಹಾಕು!"

"ಟೈಲ್ಸ್ ಯಾಕೆ?"

"ಪ್ರಪಂಚದಲ್ಲಿ ಟೈಲ್ಸ್ ಬಗ್ಗೆ ಯಾರಿಗೂ ಕುತೂಹಲ ಇಲ್ಲ ಕಣೇ!"

ಆಣೆ ಹಾಕಿದಳು. ಹಲ್ಲು ನೋಡುವ ಕನ್ನಡಿಯಾಗಲಿ, ಇಕ್ಕಳವಾಗಲಿ ಏನೂ ಇಲ್ಲದೆ, ಬರಿಗೈ ಬಂಟನಂತೆ ನಾನು ಕಾರು ಹತ್ತಿದೆ.

ತೋಟದ ಯಜಮಾನ ಗೇಟಿನಲ್ಲೇ ನಿಂತಿದ್ದ. ಎತ್ತರದ ಆಳು. ಮುಂದಿನ ಎರಡು ಹಲ್ಲುಗಳ ನಡುವೆ ಎತ್ತಿನ ಗಾಡಿ ಹೋಗುವಷ್ಟು ಸಂದು.

"ಏನು ಕೆಲಸ ಮಾಡ್ಕೊಂಡಿದೀರಿ ಸಾರ್?"

"ಟೈಲ್ಸ್!" ಎಂದೆ ಎದೆಯುಬ್ಬಿಸಿ.

ಅವನ ಮುಖ ಅರಳಿತು. ಯಾಕೆ ಅರಳಿತೆಂದು ನನಗೆ ಆಗ ತಿಳಿಯಲಿಲ್ಲ. ಮೇಲಿನ ಸಾಲಿನ ಎಡಗಡೆ ಒಂದು ಹಲ್ಲು ಇಲ್ಲವೆಂಬುದು ಮಾತ್ರ ತಿಳಿಯಿತು.

ಉದ್ದನೆಯ ಮೇಜಿನ ಮುಂದೆ ಎಲ್ಲರನ್ನೂ ನಿಲ್ಲಿಸಿ, ರುಚಿ ತೋರಿಸುವ ಹೆಣ್ಣುಮಗಳು ಪಾಠ ಶುರುಮಾಡಿದಳು. "ಮೊದಲು ಗ್ಲಾಸು ತಿರುಗಿಸಿ. ವಾಸನೆ ನೋಡಿ. ಒಂದು ಗುಟುಕು ತಗೊಂಡು ಬಾಯಿ ತುಂಬ ಓಡಾಡಿಸಿ. ಆಮೇಲೆ ಈ ಬಕೆಟ್ಟಿಗೆ ಉಗುಳಿ."

ನನಗೆ ಮೈ ಉರಿಯಿತು. ಬಾಯಿ ಮುಕ್ಕಳಿಸಿ ಉಗುಳಿ ಎಂದು ಬೆಳಗಿನಿಂದ ಸಂಜೆಯವರೆಗೆ ಹೇಳಿ ಹೇಳಿ ನಾಲಿಗೆ ಸವೆಸಿಕೊಂಡವನು ನಾನು! ಅದನ್ನು ಇನ್ನೊಬ್ಬರ ಬಾಯಿಂದ ಕೇಳಲು ಇಷ್ಟು ದೂರ ಬರಬೇಕಿತ್ತೇ?

"ಈ ಹುಡುಗಿಗೆ ಕೆಳಗಿನ ಸಾಲು ಸ್ವಲ್ಪ ಇಕ್ಕಟ್ಟು" ಎಂದೆ ಹೆಂಡತಿಯ ಕಿವಿಯಲ್ಲಿ.

"ಶ್!" ಎಂದಳು.

ಗ್ಲಾಸು ತುಟಿಗಿಟ್ಟೆ. ಇಟ್ಟೆ ಅಷ್ಟೇ! ಹೆಗಲ ಮೇಲೊಂದು ಕೈ ಬಿತ್ತು.

"ಸಾರ್, ಒಂದೇ ನಿಮಿಷ" ಎಂದ ಯಜಮಾನ. "ನಮ್ಮ ನೆಲಮಾಳಿಗೇಲಿ ಟೈಲ್ಸ್ ಎಲ್ಲಾ ಏಳ್ತಾ ಇದೆ. ದೇವರು ಕಳಿಸಿದ ಹಾಗೆ ನೀವು ಬಂದಿದೀರಿ."

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಗ್ಲಾಸನ್ನು ನನ್ನ ಕೈಯಿಂದ ಮೃದುವಾಗಿ ಬಿಡಿಸಿಕೊಂಡಳು.

"ಹೋಗಿ ಬನ್ನಿ ರೀ. ನಿಮ್ಮ ವ್ಯಾಪಾರ ಅಲ್ವಾ?"

ಹೀಗೆ ನಾನು, ಊರಿಗೆಲ್ಲ ಹಲ್ಲು ಕೂರಿಸುವವನು, ಪೀಪಾಯಿಗಳ ನಡುವೆ ಮಂಡಿಯೂರಿ ಕೂತೆ. ಟೈಲ್ಸ್ ಬಗ್ಗೆ ನನಗೇನು ಗೊತ್ತು, ಮಣ್ಣು! ಆದರೆ ಮಾನ ಉಳಿಯಬೇಕಲ್ಲ. ಬಾಟಲಿ ತೆರೆಯುವ ತಿರುಪಿನ ಹಿಡಿಯಿಂದ ಒಂದು ಟೈಲನ್ನು ಟಕ್ ಟಕ್ ಎಂದು ತಟ್ಟಿದೆ.

"ಇಲ್ಲಿ ತಟ್ಟಿದ್ರೆ ನೋವಾ..." ಎಂದು ಹೇಳಹೊರಟು, ನುಂಗಿಕೊಂಡು, "ಸದ್ದು ಬೇರೆ ಬರುತ್ತಾ?" ಎಂದೆ.

"ಬರುತ್ತೆ ಸಾರ್!"

"ಹಾಗಾದ್ರೆ ಒಳಗೆ ಟೊಳ್ಳಾಗಿದೆ. ಮೇಲ್ಮೇಲೆ ಮೆತ್ತಿದ್ರೆ ಪ್ರಯೋಜನ ಇಲ್ಲ. ಬುಡದವರೆಗೂ ಕೊರೆದು, ಕೊಳೆ ತೆಗೆದು, ಚೆನ್ನಾಗಿ ಒಣಗಿಸಿ, ಆಮೇಲೆ ತುಂಬ್ಬೇಕು. ಈ ಪಕ್ಕದ್ದು ಅಲ್ಲಾಡ್ತಿದೆ ನೋಡಿ, ಇದನ್ನ ಕೀಳೋದೇ ವಾಸಿ. ಬಿಟ್ರೆ ಅಕ್ಕಪಕ್ಕದ್ದನ್ನೂ ಕೆಡಿಸುತ್ತೆ."

ಯಜಮಾನನ ಕಣ್ಣು ತುಂಬಿತು. "ಟೈಲ್ಸನ್ನ ಇಷ್ಟು ಅರ್ಥ ಮಾಡ್ಕೊಂಡವರನ್ನ ನಾನು ಈ ಜನ್ಮದಲ್ಲಿ ನೋಡಿಲ್ಲ ಸಾರ್!" ಎಂದವನು ಅಡುಗೆಮನೆಗೆ ಕರೆದೊಯ್ದ. ಅಲ್ಲಿಂದ ಬಚ್ಚಲಿಗೆ. ಅಲ್ಲಿಂದ ವರಾಂಡಕ್ಕೆ. ಕಂಡ ಕಂಡವರಿಗೆಲ್ಲ "ಇವರು ದೊಡ್ಡ ಟೈಲ್ಸ್ ತಜ್ಞರು" ಎಂದು ಪರಿಚಯ ಬೇರೆ! ಮಂಡಿ ಉಜ್ಜಿಕೊಳ್ಳುತ್ತಾ ನಾನು ವಾಪಸು ಬಂದಾಗ ಬಾಟಲಿಗಳು ಖಾಲಿ, ಬಕೆಟ್ಟು ಭರ್ತಿ, ಹೆಂಡತಿಯ ಕೆನ್ನೆ ಕೆಂಪು.

"ಎಷ್ಟು ಥರ ಇತ್ತು ಗೊತ್ತಾ ರೀ! ನಿಮ್ಮ ಪಾಲಿಂದೂ ನಾನೇ ನೋಡ್ದೆ" ಎಂದಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನನಗೆ ತುಟಿಗೆ ಬಂದದ್ದೇ ಬಾಯಿಗೆ ಬರಲಿಲ್ಲ!

ಸಂಜೆಯಾಯಿತು. ಬಳ್ಳಿಯಿಂದ ಬಳ್ಳಿಗೆ ದೀಪದ ಸರ, ಬಿಳಿ ಬಟ್ಟೆ ಹೊದಿಸಿದ ಮೇಜುಗಳು, ಬಿಸಿ ಬ್ರೆಡ್ಡಿನ ಘಮ. ನಮ್ಮದು ಎಲ್ಲಕ್ಕಿಂತ ಮುಂದಿನ ಮೇಜು. ಸೂಪಿನ ಬಟ್ಟಲು ನನ್ನ ಮುಂದೆ ಹೊಗೆಯಾಡುತ್ತಿತ್ತು. ವೇದಿಕೆಯ ಮೇಲೆ ಡ್ರಮ್ಮಿನವನು, ಪಿಟೀಲಿನವಳು, ನಡುವೆ ಕುರ್ಚಿಯ ಮೇಲೆ ಗಾಯಕರು. ವಯಸ್ಸಾಗಿದ್ದರೂ ಆ ಠೀವಿ! ಅವರು ಬ್ರೆಡ್ಡಿನ ಗಟ್ಟಿ ಅಂಚೊಂದನ್ನು ಕಚ್ಚಿ ನುಂಗಿ, ನೀರು ಕುಡಿದು, ಮೈಕು ಹಿಡಿದರು. ಅವರ ಪ್ರಸಿದ್ಧ ಹಾಡು, "ಸಂಜೆ ಸುರಿದ ಸೋನೆಯಲ್ಲಿ". ನನ್ನ ಹೆಂಡತಿ ಉಸಿರು ಬಿಗಿಹಿಡಿದಳು.

"ಫಂಜೆ ಫುರಿದ ಫೋನೆಯಲ್ಲಿ..."

ಮುಂದಿನ ಸಾಲಿನವರೆಲ್ಲ ಗಡಿಬಿಡಿಯಿಂದ ಜೇಬು ತಡಕಿ ತಮ್ಮ ತಮ್ಮ ಫೋನು ನೋಡಿಕೊಂಡರು!

ಗಾಯಕರು ಬಾಯಿಗೆ ಕೈ ಅಡ್ಡ ಹಿಡಿದು ಎದ್ದು ಪರದೆಯ ಹಿಂದೆ ಓಡಿದರು. ಯಜಮಾನ ಬಂದು ಕೈಮುಗಿದ. "ದಯವಿಟ್ಟು ಕ್ಷಮಿಸಿ. ಸಾರ್‌ಗೆ ಮುಂದಿನ ಹಲ್ಲಿನ ಕ್ಯಾಪು ಕಳಚಿ ಕೈಗೆ ಬಂದಿದೆ. ಈಗ ಪೇಟೇಲಿ ಯಾವ ಡಾಕ್ಟ್ರೂ ಸಿಗಲ್ಲ. ನಿಮ್ಮಲ್ಲಿ ಯಾರಾದ್ರೂ ಹಲ್ಲಿನ ಡಾಕ್ಟ್ರು ಇದ್ರೆ ಸರಿ, ಇಲ್ಲಾಂದ್ರೆ ಕಾರ್ಯಕ್ರಮ ರದ್ದು."

ನಾನು ಸೂಪಿನೊಳಗೆ ನೋಡಿದೆ. ಆಳವಾಗಿ ನೋಡಿದೆ. ಇವಳು ಮೊಣಕೈಯಿಂದ ತಿವಿದಿದ್ದರೆ, "ಏಳ್ರೀ" ಎಂದಿದ್ದರೆ, ನಾನು ಜಗಳವಾಡಿ ಗೆದ್ದುಬಿಡುತ್ತಿದ್ದೆ. ಅವಳು ನನ್ನ ಕಡೆ ತಿರುಗಲೇ ಇಲ್ಲ. ಖಾಲಿ ಕುರ್ಚಿಯನ್ನೇ ನೋಡುತ್ತಾ, ಮಡಿಲಲ್ಲಿದ್ದ ಕರವಸ್ತ್ರವನ್ನು ಸಣ್ಣದಾಗಿ, ಇನ್ನೂ ಸಣ್ಣದಾಗಿ ಮಡಚುತ್ತಿದ್ದಳು. ಪುಸ್ತಕದಲ್ಲಿ ಫೋಟೋ ಬಚ್ಚಿಟ್ಟುಕೊಂಡಿದ್ದ ಆ ಹುಡುಗಿಯ ಮುಖ ನನಗೆ ಕಂಡುಬಿಟ್ಟಿತು. ಥೂ, ಹಾಳಾದ್ದು!

ಎದ್ದು ನಿಂತೆ. "ನಾನು ಹಲ್ಲಿನ ಡಾಕ್ಟ್ರು!"

ಯಜಮಾನ ನೊಂದುಕೊಂಡ. "ಸಾರ್, ಇದು ತಮಾಷೆ ಮಾಡೋ ಹೊತ್ತಾ?"

"ತಮಾಷೆ ಅಲ್ರೀ! ನಿಜ!"

"ಟೈಲ್ಸ್ ವಿಷಯದಲ್ಲಿ ನಿಮ್ಮ ಜ್ಞಾನ ನಾನು ಕಣ್ಣಾರೆ ಕಂಡಿದೀನಿ. ನೀವು ಹಲ್ಲಿನ ಡಾಕ್ಟ್ರು ಅಂದ್ರೆ ಯಾರು ನಂಬ್ತಾರೆ ಸಾರ್?"

ಅವನನ್ನು ತಳ್ಳಿಕೊಂಡೇ ಪರದೆಯ ಹಿಂದಿನ ಕೋಣೆಗೆ ನುಗ್ಗಿದೆ. ಗಾಯಕರು ಹೌಹಾರಿದರು. "ಟೈಲ್ಫ್ ಅಂಟಿಫೋರ ಕೈಲಿ ಹಲ್ಲು ಅಂಟಿಫ್ಕೊಳ್ಳಲಾ? ಫಾಧ್ಯವೇ ಇಲ್ಲ!"

"ಇವಳನ್ನ ಕೇಳಿ! ನನ್ನ ಹೆಂಡ್ತಿ! ಹೇಳೇ, ನನ್ನ ಕೆಲಸ ಏನು?"

ನನ್ನ ಹಿಂದೆಯೇ ಓಡಿಬಂದಿದ್ದ ಅವಳು ಗಾಯಕರಿಗೆ ಭಕ್ತಿಯಿಂದ ನಮಸ್ಕಾರ ಮಾಡಿ, "ಟೈಲ್ಸ್ ವ್ಯಾಪಾರ" ಎಂದಳು.

"ಏನೇ!"

"ನೀವೇ ಆಣೆ ಹಾಕಿಸಿದ್ರಲ್ಲ."

ನನ್ನ ಸ್ಥಿತಿ ನೋಡಿ! ಯಾರ ಬಾಯಿಗೂ ಇಣುಕಲಾರೆ ಎಂದು ಪ್ರತಿಜ್ಞೆ ಮಾಡಿ ಬಂದವನು ಈಗ "ದಯವಿಟ್ಟು ಒಂದ್ಸಲ ಬಾಯಿ ತೆಗೀರಿ ಸ್ವಾಮಿ" ಎಂದು ಅಂಗಲಾಚಬೇಕಾಯಿತು. ಅವರು ತುಟಿ ಬಿಗಿದರು. ನನಗೆ ರೇಗಿಹೋಯಿತು.

"ನೀವು ನಿದ್ದೇಲಿ ಹಲ್ಲು ಕಡೀತೀರಿ! ಬಲಗಡೆ ಮಾತ್ರ ಅಗೀತೀರಿ, ಎಡಗಡೆಗೆ ತಣ್ಣೀರು ತಾಗಿದ್ರೆ ಜುಮ್ ಅನ್ನುತ್ತೆ! ಈ ಕ್ಯಾಪು ಬಿದ್ದಿದ್ದು ಇದೇ ಮೊದಲ್ನೇ ಸಲ ಅಲ್ಲ! ಹೌದೋ ಅಲ್ವೋ?"

ಗಾಯಕರ ಕೈ ಕೆಳಗಿಳಿಯಿತು. "ಫತ್ಯ" ಎಂದರು.

ಆಗ ನನ್ನ ಹೆಂಡತಿ ತನ್ನ ಕೈಚೀಲ ತೆರೆದು ಒಂದು ಪುಟ್ಟ ಸಂಚಿ ಹೊರತೆಗೆದಳು. ಕನ್ನಡಿ, ಚಿಮಟ, ಕೈಗವಸು, ಹತ್ತಿ, ಹಲ್ಲಿಗೆ ಹಚ್ಚುವ ಸಿಮೆಂಟು! ಎಲ್ಲ ನನ್ನ ಕ್ಲಿನಿಕ್ಕಿನದೇ!

"ಇದನ್ನ ತಂದಿದೀಯಾ? ನನ್ನ ಪ್ರತಿಜ್ಞೆ ಮೇಲೆ ನಿನಗೆ ನಂಬಿಕೆನೇ ಇರ್ಲಿಲ್ವಾ?"

"ಪ್ರತಿಜ್ಞೆ ಮೇಲೆ ಇತ್ತು. ನಿಮ್ಮ ಮೇಲೆ ಇರ್ಲಿಲ್ಲ."

ಅವಳು ಫೋನಿನ ದೀಪ ಹಿಡಿದಳು. "ಬೆಳಕನ್ನ ಬಾಯಿಗೆ ಹಿಡಿ ಕಣೇ, ಅವರ ಮುಖ ನೋಡೋಕಲ್ಲ!" ಎಂದು ಮತ್ತೆ ಮತ್ತೆ ಹೇಳಬೇಕಾಯಿತು. ಒರೆಸಿ, ಒಣಗಿಸಿ, ಕೂರಿಸಿ, ಹತ್ತಿ ಕಚ್ಚಿಸಿ, ಕಾದೆ.

"ಈಗ 'ಸಂಜೆ' ಅನ್ನಿ."

"ಸಂಜೆ!" ಎಂದರು. ಕೋಣೆಯೇ ಬೆಳಗಿತು. ಎದ್ದು ನನ್ನ ಹೆಂಡತಿಯ ಎರಡೂ ಕೈ ಹಿಡಿದುಕೊಂಡು, "ನೀವಿಲ್ದಿದ್ರೆ ನಾನು ಹಾಡ್ತಿರ್ಲಿಲ್ಲ ತಾಯೀ" ಎಂದರು. 'ತಾಯೀ' ಎಂಬಲ್ಲಿ ಅವಳ ಮುಖ ಕೊಂಚ ಬಾಡಿದ್ದು ನನಗೆ ಕಾಣದೆ ಇರಲಿಲ್ಲ. ಹಲ್ಲು ಕೂರಿಸಿದ ನನಗೆ? ಒಂದು ತಲೆಯಾಡಿಕೆ.

"ನೀನು ನಡಿ, ಕೈ ತೊಳ್ಕೊಂಡು ಬಂದೆ" ಎಂದು ಅವಳನ್ನು ಕಳಿಸಿದೆ. ಕೈ ತೊಳೆದು ಹಿಂದಿನ ಬಾಗಿಲು ತೆರೆದರೆ ಏನು ನೋಡುವುದು! ಓಣಿಯುದ್ದಕ್ಕೂ ಕ್ಯೂ! ಗಂಡಸರು, ಹೆಂಗಸರು, ಸೂಟು ತೊಟ್ಟವರು, ದಪ್ಪ ಮೀಸೆಯವರು, ಎಲ್ಲರೂ ಮುಖ ಕಿವುಚಿಕೊಂಡು, ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ನಿಂತಿದ್ದಾರೆ! ಸುದ್ದಿ ಅಷ್ಟು ಬೇಗ ಹಬ್ಬಿತ್ತು.

ನನ್ನ ರಕ್ತ ಕುದಿಯಿತು. ಆದರೇನು, ನೋವಿನಲ್ಲಿರುವವರನ್ನು ಬಿಟ್ಟು ಹೋಗುವ ಕಟುಕ ನಾನಲ್ಲ. ಹಲ್ಲು ಕಡಿದುಕೊಂಡು, "ಒಬ್ಬೊಬ್ಬರಾಗಿ ಬನ್ನಿ!" ಎಂದು ಗುಡುಗಿ ಮೊದಲು ಮೀಸೆಯವರನ್ನು ಒಳಗೆಳೆದು ಕುರ್ಚಿಯಲ್ಲಿ ಕೂರಿಸಿದೆ.

"ಅಲ್ಲ ಸಾರ್, ನಾನು..."

"ಮಾತಾಡ್ಬೇಡಿ. ಯಾವಾಗಿಂದ ಈ ಕಷ್ಟ?"

"ಅರ್ಧ ಗಂಟೆಯಿಂದ! ಮೂರನೇ ಗ್ಲಾಸ್ ಆದ್ಮೇಲೆ ಶುರುವಾಯ್ತು. ಬೇಗ ಬಿಡಿ ಸಾರ್, ತಡ್ಕೊಳ್ಳೋಕಾಗ್ತಿಲ್ಲ!"

"ಗೊತ್ತಿದ್ದದ್ದೇ. ವೈನಿನ ಹುಳಿ. ಆ ಅನ್ನಿ!"

ಹೀಗೆ ಒಬ್ಬರಾದ ಮೇಲೆ ಒಬ್ಬರು. ಕೃತಜ್ಞತೆಯೆಂಬುದು ಲೋಕದಲ್ಲಿ ಎಲ್ಲಿದೆ? ಮೀಸೆಯವರು ಪರೀಕ್ಷೆ ಮುಗಿಯುವ ಮೊದಲೇ ಎದ್ದು ಓಡಿದರು. ಇನ್ನೊಬ್ಬ ಹೆಂಗಸು ನನ್ನ ಕೈಯನ್ನೇ ತಳ್ಳಿ ಹೋದಳು. ಗೋಡೆಯಾಚೆ ಹಾಡು ನಡೆದಿತ್ತು. ನನಗೆ ಕೇಳಿಸಿದ್ದು ಡ್ರಮ್ಮಿನ ಧಬಧಬ ಮಾತ್ರ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆಯ ಅರ್ಥವನ್ನು ಕೆಂಪು ವೈನ್ ಕುಡಿದವರ ಹಲ್ಲು ನೋಡಿದವನೇ ಬಲ್ಲ! ಕ್ಯೂ ಕರಗಿ ನಾನು ಹೊರಬರುವಾಗ ಚಪ್ಪಾಳೆಯೂ ಮುಗಿದು, ಸೂಪು ತಣ್ಣಗಾಗಿ, ಅದರಲ್ಲಿ ಒಂದು ನೊಣ ಈಜುತ್ತಿತ್ತು.

ಮರುದಿನ ಬೆಳಿಗ್ಗೆ ಕಾರಿನಲ್ಲಿ ನನ್ನ ಕೋಪ ಕಟ್ಟೆಯೊಡೆಯಿತು. "ವೈನ್ ಒಂದು ತೊಟ್ಟು ಇಲ್ಲ! ಊಟ ಇಲ್ಲ! ಹಾಡು ಇಲ್ಲ! ಈ ಜನಕ್ಕೆ ನನ್ನ ಕಂಡ್ರೆ ಬಾಯಿ ಮುಚ್ಕೊಂಡಿರೋಕೆ ಆಗಲ್ವಾ? ಓಣಿ ತುಂಬ ಕ್ಯೂ ನಿಲ್ಲೋದಾ? ನಾಚಿಕೆ ಬೇಡ್ವಾ?"

ಹೆಂಡತಿ ಕಿಟಕಿಯಾಚೆ ನೋಡುತ್ತಾ ಗುನುಗುತ್ತಿದ್ದಳು. ಗುನುಗು ನಿಂತಿತು. ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆ, ನನ್ನ ತ್ಯಾಗಕ್ಕೆ ಕರಗಿದ್ದಾಳೆ ಎಂದುಕೊಂಡೆ. ತಿರುಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು!

"ರೀ, ಆ ಕೋಣೆ ಪಕ್ಕದ ಬಾಗಿಲ ಮೇಲೆ ಏನು ಬರೆದಿತ್ತು, ನೋಡ್ಲಿಲ್ವಾ?"

"ಇಲ್ಲ. ಏನು?"

"ಅದು ಟಾಯ್ಲೆಟ್ ಕ್ಯೂ ರೀ!"

ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಹಿಂದಿನ ಕಾರಿನವನು ಹಾರ್ನ್ ಬಾರಿಸಿದ.

"ನಿನಗೆ... ನಿನಗೆ ಗೊತ್ತಿತ್ತಾ?"

"ಹಾಡು ಶುರುವಾಗೋಕೆ ಮುಂಚೆ ನಿಮ್ಮನ್ನ ಕರೆಯೋಕೆ ಬಂದಿದ್ದೆ. ಬಾಗಿಲ ಸಂದೀಲಿ ನೋಡ್ದೆ. ಪಾಪ, ಆ ಮೀಸೆಯವರು ಕುರ್ಚೀಲಿ ಎಷ್ಟು ಒದ್ದಾಡ್ತಿದ್ರು!"

"ಮತ್ತೆ ಹೇಳೋಕೇನಾಗಿತ್ತು?"

"ಹೇಳಿದ್ರೆ ನೀವು ಬಂದು ಪಕ್ಕದಲ್ಲಿ ಕೂತ್ಕೋತಿದ್ರಿ" ಎಂದಳು ಕಣ್ಣೊರೆಸಿಕೊಳ್ಳುತ್ತಾ. "'ಪಿಟೀಲಿನವಳ ಕೋರೆಹಲ್ಲು ನೋಡು, ಡ್ರಮ್ಮಿನವನ ದವಡೆ ಸೊಟ್ಟ' ಅಂತ ಕೊನೇವರೆಗೂ ಕಿವೀಲಿ ಊದ್ತಿದ್ರಿ. ಮದುವೆ ಆದ್ಮೇಲೆ ಮೊದಲ್ನೇ ಸಲ ರೀ, ಒಂದು ಕಾರ್ಯಕ್ರಮ ಪೂರ್ತಿ ಕೇಳಿದ್ದು!"

ಉತ್ತರ ಕೊಡಲು ಬಾಯಿ ತೆರೆದೆ. ಹಾಗೇ ಮುಚ್ಚಿ, ಗೇರು ಬದಲಿಸಿದೆ.