ಕಾರ್ಡಿನಲ್ಲಿ ಅಮ್ಮನೋ, ಅತ್ತೆಯೋ?

ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಎಚ್‌ಆರ್ ಕೆಲಸ ನನ್ನದು. ನನ್ನ ಮೇಜಿಗೆ ದಿನಾ ಬರೋದು ಕಾಯಿಲೆ, ಸಾವು, ಆಸ್ಪತ್ರೆ ಬಿಲ್ಲು. ಆದರೂ ಮಧ್ಯೆ ಮಧ್ಯೆ ನಗು ಬಂದುಬಿಡುತ್ತೆ, ಅದೂ ನಗಬಾರದ ಹೊತ್ತಲ್ಲೇ.

ಚೀಟಿ

ಸಂಬಳ ಏರಿ ಇಎಸ್‌ಐನ ಸರ್ಕಾರಿ ಚಿಕಿತ್ಸೆ ತಪ್ಪಿಹೋದ ಸೂಪರ್‌ವೈಸರ್‌ಗಳಿಗೆ ಕಂಪನಿ ಎರಡು ಸೌಲಭ್ಯ ಕೊಟ್ಟಿತು. ಆಸ್ಪತ್ರೆ ಸೇರಿದರೆ ತೋರಿಸೋಕೆ ಇನ್ಶೂರೆನ್ಸ್ ಕಾರ್ಡು. ಅದರ ಜೊತೆಗೆ ಒಂದು ಆರೋಗ್ಯ ಖಾತೆ. ತಿಂಗಳು ತಿಂಗಳು ಕಂಪನಿ ಸ್ವಲ್ಪ, ನೌಕರರು ಸ್ವಲ್ಪ ಹಾಕಬೇಕು; ತೆಗೆಯೋದು ಮಾತ್ರ ಚಿಕಿತ್ಸೆಗೆ.

ವಿವರಿಸಿ ಮುಗಿಸಿದಾಗ ಶರ್ಟ್ ಲೈನಿನ ಸೂಪರ್‌ವೈಸರ್ ಹೆಂಗಸು ಕೈ ಎತ್ತಿದಳು.

"ಕಾಯಿಲೆ ಬರದೇ ಇದ್ರೆ, ಮೇಡಂ?"

"ದುಡ್ಡು ಮುಂದಿನ ವರ್ಷಕ್ಕೆ ಉಳಿಯುತ್ತೆ."

"ಆಗ್ಲೂ ಬರದೇ ಇದ್ರೆ?"

"ಅದರ ಮುಂದಿನ ವರ್ಷಕ್ಕೆ."

ಅವಳು ಉಳಿದವರ ಕಡೆ ತಿರುಗಿದಳು. "ಚೀಟಿ ಥರ ಕಣ್ರೇ. ಇವತ್ತಲ್ಲ ನಾಳೆ ಎಲ್ರ ಸರದೀನೂ ಬರುತ್ತೆ."

ಒಂದೇ ಕಡೆಯವರು

ಕಾರ್ಡಿಗೆ ಹೆಸರು ಸೇರಿಸುವಾಗ ಅವಳು ನನ್ನೆದುರು ಕೂತಳು. ಗಂಡ, ಮಕ್ಕಳದು ತೊಂದರೆ ಇಲ್ಲ. ಹಿರಿಯರಲ್ಲಿ ಮಾತ್ರ ಹೆತ್ತವರು ಇಲ್ಲವೇ ಅತ್ತೆ-ಮಾವ, ಒಂದೇ ಕಡೆಯವರು. ಅವಳ ಎರಡು ರೂಮಿನ ಬಾಡಿಗೆ ಮನೆಯಲ್ಲಿ ಅಮ್ಮನೂ ಇದ್ದರು, ಅತ್ತೆಯೂ ಇದ್ದರು. ಅತ್ತೆಗೆ ಉಬ್ಬಸ, ಅಮ್ಮನಿಗೆ ಸಕ್ಕರೆ ಕಾಯಿಲೆ.

"ಯಾರದು ಹಾಕ್ಲಿ?" ಅಂದೆ.

"ನೀವೇ ಹೇಳಿ ಮೇಡಂ. ಉಬ್ಬಸ ಬೇಗ ಸಾಯ್ಸುತ್ತಾ, ಸಕ್ಕರೇನಾ?"

ಮನೇಲಿ ಮಾತಾಡಿಕೊಂಡು ಬಾ ಅಂತ ಕಳಿಸಿದೆ. ಮಾರನೇ ದಿನ ಬಂದು, "ಅತ್ತೇದೇ ಹಾಕಿ" ಅಂದಳು. ತೀರ್ಮಾನ ಅಮ್ಮನದಂತೆ. ಅವರು ಹೇಳಿದ್ದು ಇಷ್ಟೇ: "ನಾನು ಸತ್ರೂ ನಿನ್ನ ಬೈಯಲ್ಲ ಕಣೇ. ಅವರು ಬದುಕಿದ್ರೂ ಬೈತಾರೆ."

ಯಾವ ಹೆಸರು?

ಆರು ತಿಂಗಳೂ ಆಗಿರಲಿಲ್ಲ, ಅಮ್ಮನ ಕಾಲ್ಬೆರಳು ಕಪ್ಪಾಯಿತು. ಆಪರೇಷನ್ ಆಗಲೇಬೇಕು ಅಂದರು ಡಾಕ್ಟರು. ಕಾರ್ಡಿನಲ್ಲಿ ಹೆಸರು ಬದಲಾಯಿಸೋಕೆ ವರ್ಷ ತುಂಬಬೇಕಿತ್ತು. ಅತ್ತೆ ತಮ್ಮ ಕಾರ್ಡು ತಂದು ಬೀಗಿತ್ತಿಯ ಕೈಗಿಟ್ಟರು. "ಇದನ್ನೇ ತೋರ್ಸಿ. ಮುದುಕೀರೆಲ್ಲ ನೋಡೋಕೆ ಒಂದೇ ಥರ."

ಅವಳು ಫೋನ್ ಮಾಡಿ ಇದನ್ನು ಹೇಳಿದಳು. ಬೇಡ, ಅದು ಮೋಸ ಆಗುತ್ತೆ ಅಂತ ಫೋನಿನಲ್ಲೇ ಕೂಗಿ, ಸ್ಕೂಟರ್ ಹತ್ತಿ ಬಸವೇಶ್ವರನಗರದ ಆಸ್ಪತ್ರೆಗೆ ಓಡಿದೆ. ಅಷ್ಟರಲ್ಲಿ ಕೌಂಟರಿನ ಹುಡುಗಿ ಕಾರ್ಡು ಹಿಡಿದು ಕೇಳುತ್ತಿದ್ದಳು:

"ನಿಮ್ಮ ಹೆಸರೇನಮ್ಮಾ?"

ಅಮ್ಮ ಮಗಳ ಮುಖ ನೋಡಿದರು.

"ಯಾವ್ದು ಹೇಳ್ಲೇ? ನಂದಾ, ಬೀಗಿತ್ತೀದಾ?"

ಆ ಹುಡುಗಿ ನಗು ನುಂಗಿಕೊಂಡು ಕಾರ್ಡು ವಾಪಸ್ ಕೊಟ್ಟಳು. ಆರೋಗ್ಯ ಖಾತೆಯ ದುಡ್ಡನ್ನು ಅಮ್ಮನಿಗೂ ಬಳಸಬಹುದು ಅಂತ ನಾನು ಹೇಳಿದೆ. ಅದು ಅರ್ಧಕ್ಕೂ ಸಾಲಲಿಲ್ಲ. ಅತ್ತೆ ಕಿವಿಯ ಓಲೆ ಬಿಚ್ಚಿ ಮಗನ ಕೈಗೆ ಕೊಟ್ಟರು. ಬೈದುಕೊಂಡೇ ಕೊಟ್ಟರು.

ಕಾಲುಂಗುರ

ಎರಡು ಬೆರಳು ತೆಗೆದರು. ಮಾರನೇ ದಿನ ನಾನು ವಾರ್ಡಿಗೆ ಹೋದಾಗ, ಆಪರೇಷನ್‌ಗೆ ಮುಂಚೆ ಬಿಚ್ಚಿಟ್ಟಿದ್ದ ಬೆಳ್ಳಿ ಕಾಲುಂಗುರಗಳನ್ನು ನರ್ಸ್ ಮಗಳ ಕೈಗೆ ಕೊಡುತ್ತಿದ್ದಳು. ಅಮ್ಮನ ಗಂಡ, ಮಗಳು ಲಂಗ ಹಾಕುವ ವಯಸ್ಸಲ್ಲೇ ಮನೆ ಬಿಟ್ಟು ಹೋದವರು; ಬದುಕಿದ್ದಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆದರೂ ಅಮ್ಮ ಕಾಲುಂಗುರ ತೆಗೆದಿರಲಿಲ್ಲ.

ಮಗಳು ಒಂದು ಕಾಲಿಗೆ ತೊಡಿಸಿದಳು. ಇನ್ನೊಂದು ಕಾಲಿನ ಬ್ಯಾಂಡೇಜ್ ನೋಡಿ, ಅಲ್ಲೇ ಕೂತು ಅಳತೊಡಗಿದಳು.

ಅಮ್ಮ ಕಣ್ಣು ಬಿಟ್ಟರು.

"ಅದನ್ನೂ ಬಿಚ್ಚೇ. ಉಂಗುರದ ಬೆರಳೇ ಹೋಯ್ತು. ಇನ್ಮೇಲೆ ನಿಮ್ಮಪ್ಪ ಬಾಗಿಲಿಗೆ ಬಂದ್ರೆ, 'ಯಾರು ಬೇಕಾಗಿತ್ತು ಸ್ವಾಮಿ?' ಅಂತ ಧೈರ್ಯವಾಗಿ ಕೇಳ್ಬೋದು."