ಕಂಬಳಿ ಹೊದ್ದ ಡ್ರಮ್ಮು

ಎಲ್ಲಕ್ಕೂ ಕಾರಣ ಒಂದು ಕಂಬಳಿ. ಕೆಳಮನೆಯ ನಿವೃತ್ತ ಮೇಷ್ಟ್ರಿಗೆ ಸದ್ದು ಆಗದು. ಡ್ರಮ್ಮಿನ ಮೇಲೆ ಕಡ್ಡಿ ಬಿದ್ದರೂ ಮೆಟ್ಟಿಲು ಹತ್ತಿ ಬಂದುಬಿಡುವರು. ಹಾಗಾಗಿ, ಅಡುಗೆಮನೆಯಲ್ಲಿ ಫೋನಿಟ್ಟು ಹಾಡು ರೆಕಾರ್ಡ್ ಮಾಡಿದ ದಿನ ಅಣ್ಣ ಡ್ರಮ್ಮಿಗೆ ದಪ್ಪ ಕಂಬಳಿ ಹೊದಿಸಿಯೇ ಬಾರಿಸಿದ್ದ. ತಂಗಿ ಹಾಡಿದಳು, ತಮ್ಮ ಗಿಟಾರ್ ನುಡಿಸಿದ. ಮೂರು ವಾರದಲ್ಲಿ ಎಂಟು ಲಕ್ಷ ಜನ ಅದನ್ನು ಕೇಳಿದರು.

ಬ್ಯಾಂಡ್ ಕಟ್ಟಿದ್ದು ಅಣ್ಣನೇ. ಅಮ್ಮ ತೀರಿಕೊಂಡ ಮೇಲೆ ಮೂವರೂ ಒಂದೇ ಮೇಜಿಗೆ ಕೂತು ಮಾತಿಲ್ಲದೆ ಉಣ್ಣುತ್ತಿದ್ದರು. ಆ ಮೌನ ತಡೆಯಲಾರದೆ ಅವನು ಹಳೆಯ ಡ್ರಮ್ಮು ಹೊತ್ತು ತಂದಿದ್ದ. ಹಗಲಿಡೀ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವನಿಗೆ, ಆ ಡ್ರಮ್ಮಿನ ಹಿಂದಿನ ಸ್ಟೂಲು ಬಿಟ್ಟರೆ ಜಗತ್ತಿನಲ್ಲಿ ತನ್ನದೆನ್ನುವ ಜಾಗವಿರಲಿಲ್ಲ.

ಇವತ್ತು ನಾಲ್ಕು ಗಂಟೆಗೆ ಹಾಡಿನ ಕಂಪನಿಯ ಮ್ಯಾನೇಜರು ಖುದ್ದಾಗಿ ಕೇಳಲು ಬರುವವರಿದ್ದರು. ಅಣ್ಣ ರಜೆ ಹಾಕಿ, ಬೆಳಗ್ಗೆಯೇ ಮೇಷ್ಟ್ರ ಬಾಗಿಲು ತಟ್ಟಿದ.

"ಒಂದು ಗಂಟೆ ಸಹಿಸ್ಕೊಳ್ಳಿ ಸರ್."

"ಸಹಿಸ್ತೀನಪ್ಪ. ಆದ್ರೆ ನಾನೂ ಬಂದು ಕೂತ್ಕೋತೀನಿ. ತಪ್ಪು ಹಿಡಿಯೋಕೆ ಒಬ್ರು ಬೇಕಲ್ಲ."

ಮೇಲ್ಮನೆಯ ಬಡಗಿಯದು ಬೇರೆ ಪೇಚು. ಅವನು ಮಾಡುವುದು ಶವಪೆಟ್ಟಿಗೆ. ದಿನವಿಡೀ ಸುತ್ತಿಗೆಯ ಸದ್ದು.

"ಆರಕ್ಕೆ ಪೆಟ್ಟಿಗೆ ಕೊಡ್ಬೇಕು. ಸತ್ತೋರು ಕಾಯ್ತಾರೆ, ಅವರ ಮನೆಯೋರು ಕಾಯಲ್ಲ."

"ನೀವು ನಾಲ್ಕಕ್ಕೆ ಸುಮ್ಮನಾಗಿಬಿಡಿ. ಉಳಿದ ಮೊಳೆ ನಾನೇ ಹೊಡ್ಕೊಡ್ತೀನಿ, ನನ್ನ ಮಾತು."

ಮ್ಯಾನೇಜರು ಬಂದರು. ಅಣ್ಣ ಕಂಬಳಿ ಕಿತ್ತೆಸೆದು ಮೊದಲ ಸಲ ಮನಸ್ಸು ಬಿಚ್ಚಿ ಬಾರಿಸಿದ. ಹಾಡು ಮುಗಿದಾಗ ಮೇಷ್ಟ್ರು ಕಿವಿಯಿಂದ ಬೆರಳು ತೆಗೆದರು. ಮ್ಯಾನೇಜರ ಮುಖ ಹರಳೆಣ್ಣೆ ಕುಡಿದವರಂತಿತ್ತು.

"ತಾಳ ಇದಲ್ಲ. ಜನ ಹುಚ್ಚಾಗಿರೋದೇ ಆ ರೆಕಾರ್ಡಿಂಗಲ್ಲಿರೋ ತಾಳಕ್ಕೆ. ಯಾರನ್ನೋ ಕಳ್ಕೊಂಡೋರು ಎದೆ ಬಡ್ಕೊಂಡ ಹಾಗಿದೆ. ಅದನ್ನ ಬಾರಿಸಿದ್ದು ಯಾರು?"

ತಮ್ಮ ಫೋನಿನಲ್ಲಿ ಹಾಡು ಹಾಕಿದ. ಮೇಷ್ಟ್ರು ಎರಡು ಸಾಲು ಕೇಳಿ ಛಾವಣಿಯತ್ತ ಕೈ ತೋರಿಸಿದರು. "ಇದು ಮೇಲಿನೋನ ಸುತ್ತಿಗೆ. ಹತ್ತು ವರ್ಷದಿಂದ ದೂರು ಬರೀತಿದೀನಿ, ನನಗೆ ಗೊತ್ತಿಲ್ವಾ?"

ಇಷ್ಟು ದಿನ ತನ್ನದೆಂದು ಬೀಗಿದ್ದ ಸದ್ದು ಅದು. ಅಣ್ಣನ ಮುಖ ಕಪ್ಪಿಟ್ಟಿತು. ಕಂಬಳಿಯೊಳಗಿನ ಡ್ರಮ್ಮು ಹಾಡಿನಲ್ಲಿ ಎಲ್ಲೂ ಇರಲಿಲ್ಲ.

ಬಡಗಿಯನ್ನು ಕರೆಸಿದರು. ಅವನು ಸುತ್ತಿಗೆ, ಹಲಗೆ ಹಿಡಿದು ಸಂಕೋಚದಿಂದಲೇ ಸ್ಟೂಲಿನ ಮೇಲೆ ಕೂತ. "ನನ್ನ ಪೆಟ್ಟಿಗೆ?" ಎಂದು ಅಣ್ಣನನ್ನು ನೋಡಿದ. ಕೊಟ್ಟ ಮಾತು ಕೊಟ್ಟದ್ದೇ.

ಮೇಲ್ಮನೆಯಲ್ಲಿ ಅಣ್ಣ ಅರ್ಧ ಮುಗಿದ ಪೆಟ್ಟಿಗೆಯ ಮುಂದೆ ಮಂಡಿಯೂರಿದ. ಕೆಳಗಿನಿಂದ ಹಾಡು ಕೇಳುತ್ತಿತ್ತು. ಚೆನ್ನಾಗಿಯೂ ಇತ್ತು, ಅದಕ್ಕೇ ಅವನಿಗೆ ಹೆಚ್ಚು ನೋವಾದದ್ದು. ಕಣ್ಣೊರೆಸಿಕೊಂಡು ಮೊಳೆ ಹೊಡೆಯತೊಡಗಿದ.

ಐದು ನಿಮಿಷಕ್ಕೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ತಂಗಿ. ಸಮಾಧಾನ ಹೇಳಲು ಬಂದಳೆಂದು ಅವನು ತಲೆಯೆತ್ತಿದ. ಅವಳ ಕೈಯಲ್ಲಿ ಕಂಬಳಿಯಿತ್ತು.

"ಅಣ್ಣ, ರೆಕಾರ್ಡಿಂಗ್ ಶುರುವಾಗಿದೆ. ನಿನ್ನ ಸದ್ದು ಕೆಳಗೆ ಕೇಳ್ತಿದೆ. ಇದನ್ನ ಹೊದಿಸಿ ಹೊಡಿ."